ಆರು ಅಕ್ಷರಗಳಿಗೆ ಬಹಿಷ್ಕಾರ

ಕೆನಡಾದ ಅಂಚೆ ನೌಕರರು 1970ರ ದಶಕದಲ್ಲಿ ದೇಶದ ಜನರಿಗೆ ಒಂದು ವಿಚಿತ್ರ ಕೋರಿಕೆ ಸಲ್ಲಿಸಿದರು. ಲಕೋಟೆಯ ಮೇಲೆ ಹೆಸರು, ಬೀದಿ, ಊರು ಎಲ್ಲ ಬರೆಯಿರಿ, ಪೋಸ್ಟಲ್ ಕೋಡ್ ಮಾತ್ರ ಬೇಡ ಎಂದರು. ಕಾಗದ ತಲುಪಿಸುವವರೇ ವಿಳಾಸವನ್ನು ಅರ್ಧಕ್ಕೆ ನಿಲ್ಲಿಸಿ ಎಂದಾಗ ಜನ ತಬ್ಬಿಬ್ಬಾದದ್ದು ಸಹಜ. ಈ ಬೇಡಿಕೆಯ ಬೇರು ಇದ್ದದ್ದು ವಿಂಗಡಣೆ ಕೇಂದ್ರಗಳಲ್ಲಿ.

ಅಲ್ಲಿಯವರೆಗೆ ವಿಂಗಡಣೆಯೆಂದರೆ ನೆನಪಿನ ಕೆಲಸ. ಸಾಲು ಗೂಡುಗಳ ಮುಂದೆ ನಿಂತ ಸಾರ್ಟರ್ ವಿಳಾಸದ ಮೇಲೆ ಕಣ್ಣಾಡಿಸಿ, ಆ ಬೀದಿ ಯಾವ ಪೋಸ್ಟ್‌ಮ್ಯಾನ್ ಸುತ್ತಿಗೆ ಸೇರಿದ್ದೆಂದು ನೆನಪಿನಿಂದಲೇ ಹೇಳಿ ಗೂಡಿಗೆ ಹಾಕುತ್ತಿದ್ದ. ಟೊರಾಂಟೊದಲ್ಲಿ 1925ರಿಂದ ವಲಯ ಸಂಖ್ಯೆಗಳಿದ್ದವು. ಅವು ಕೆಲಸ ಹಗುರ ಮಾಡಿದವೇ ಹೊರತು ನೆನಪಿನ ಜಾಗಕ್ಕೆ ಬರಲಿಲ್ಲ. ಆ ನೆನಪೇ ಸಾರ್ಟರ್‌ನ ಬಂಡವಾಳ, ಅವನ ಸಂಬಳಕ್ಕೆ ಆಧಾರ. 1965ರಲ್ಲಿ ಈ ನೌಕರರು ಕಾನೂನು ಮೀರಿ ಮುಷ್ಕರ ಹೂಡಿದ್ದರು. ಕೆನಡಾ ಅಂಚೆ ನೌಕರರ ಸಂಘ ಎಂಬ ಹೆಸರು ರೂಢಿಗೆ ಬಂದದ್ದು ಆ ಹೊತ್ತಿನಲ್ಲೇ. ಎರಡು ವರ್ಷದ ನಂತರ ಸರ್ಕಾರಿ ನೌಕರರಿಗೆ ಸಾಮೂಹಿಕ ಚೌಕಾಶಿಯ ಹಕ್ಕೂ ಮುಷ್ಕರದ ಹಕ್ಕೂ ದೊರೆತವು. ಆದರೆ ಯಾವ ಕೆಲಸವನ್ನು ಯಾವ ದರ್ಜೆಗೆ ಸೇರಿಸಬೇಕೆಂಬ ವಿಷಯವನ್ನು ಆ ಕಾನೂನು ಚೌಕಾಶಿಯಿಂದ ಹೊರಗಿಟ್ಟಿತು. ಮುಂದಿನ ಜಗಳವೆಲ್ಲ ಹುಟ್ಟಿದ್ದು ಈ ಒಂದು ವಿನಾಯಿತಿಯಿಂದ.

1970ರ ಫೆಬ್ರವರಿಯಲ್ಲಿ ಸಚಿವ ಎರಿಕ್ ಕಿಯರನ್ಸ್ ಹೊಸ ಕೋಡನ್ನು ಪ್ರಕಟಿಸಿದರು. 1971ರ ಏಪ್ರಿಲ್ 1ರಂದು ಒಟ್ಟಾವಾದಲ್ಲಿ ಅದು ಶುರುವಾಗಿ, 1974ರ ಹೊತ್ತಿಗೆ ಬಹುಪಾಲು ದೇಶವನ್ನು ವ್ಯಾಪಿಸಿತು. ಅಕ್ಷರ, ಅಂಕಿ, ಅಕ್ಷರ. ಮತ್ತೆ ಅಂಕಿ, ಅಕ್ಷರ, ಅಂಕಿ: ಇದು ಅದರ ಸ್ವರೂಪ. ಮೊದಲ ಅಕ್ಷರ ಪ್ರಾಂತವನ್ನೋ ದೊಡ್ಡ ನಗರವನ್ನೋ ಸೂಚಿಸುತ್ತದೆ: ಟೊರಾಂಟೊಗೆ ಎಂ, ಮಾಂಟ್ರಿಯಲ್‌ಗೆ ಎಚ್. ಒಂದನ್ನು ಇನ್ನೊಂದೆಂದು ಓದುವ ಅಪಾಯವಿದ್ದುದರಿಂದ ಡಿ, ಎಫ್, ಐ, ಓ, ಕ್ಯೂ, ಯು ಅಕ್ಷರಗಳಿಗೆ ಜಾಗ ಸಿಗಲಿಲ್ಲ. 1972ರ ಆಗಸ್ಟ್ 15ರಂದು ಭಾರತದಲ್ಲಿ ಬಂದ ಪಿನ್‌ಕೋಡಿಗೂ ಆರೇ ಸ್ಥಾನ. ಆದರೆ ಅದು ರೈಲ್ವೆ ಅಂಚೆ ಸೇವೆಯ (ಆರ್‌ಎಂಎಸ್) ಸಾರ್ಟರ್‌ನ ಕಣ್ಣಿಗೆಂದು ಬಂದದ್ದು. ಕೆನಡಾದ ಕೋಡು ಯಂತ್ರಕ್ಕೆಂದೇ ಬಂದದ್ದು.

ಯಂತ್ರವೇನೋ ಬಂತು, ಆದರೆ ಅದಕ್ಕೆ ಓದಲು ಬರುತ್ತಿರಲಿಲ್ಲ. ಕೀಲಿಮಣೆಯ ಮುಂದೆ ಕೂತ ಕೋಡರ್ ಎದುರಿಗೆ ಲಕೋಟೆಗಳು ಒಂದಾದ ಮೇಲೊಂದು ಬಂದು ನಿಲ್ಲುತ್ತಿದ್ದವು. ಆಕೆ ಕೋಡ್ ನೋಡಿ ಕೀಲಿ ಒತ್ತಿದರೆ ಲಕೋಟೆಯ ಮೇಲೆ ಗೆರೆಗಳು ಮುದ್ರಣಗೊಳ್ಳುತ್ತಿದ್ದವು. ಮುಂದಿನ ಯಂತ್ರ ಆ ಗೆರೆಗಳನ್ನು ಗುರುತಿಸಿ ಕಾಗದಗಳನ್ನು ಬೇರ್ಪಡಿಸುತ್ತಿತ್ತು. ಬೀದಿಗಳ ಹೆಸರು ಬಾಯಿಪಾಠವಾಗಬೇಕಿಲ್ಲ, ಬೆರಳು ಚುರುಕಾಗಿದ್ದರೆ ಸಾಕು. ಹಾಗಾಗಿ 1972ರಲ್ಲಿ ಅಂಚೆ ಇಲಾಖೆ 'ಕೋಡರ್' ಎಂಬ ಹೊಸ ದರ್ಜೆಯನ್ನು ತಾನೇ ಸೃಷ್ಟಿಸಿತು. ಕೈಯಿಂದ ವಿಂಗಡಿಸುವವರಿಗೆ ಗಂಟೆಗೆ 3.69 ಡಾಲರ್, ಕೋಡರ್‌ಗೆ 2.94. ಈ ಕುರ್ಚಿಗಳಿಗೆ ಬಂದವರಲ್ಲಿ ಹೆಚ್ಚಿನವರು ಹೆಂಗಸರು.

ಸಂಘದ ಇತಿಹಾಸ ಹೆಂಗಸರ ವಿಷಯದಲ್ಲಿ ಪೂರ್ತಿ ಹಸನಾಗಿರಲಿಲ್ಲ. ಅರೆಕಾಲಿಕ ಕೆಲಸಕ್ಕೆ ಬಂದ ಹೆಂಗಸರನ್ನು ಹಿಂದೆ ಅದು ಅನುಮಾನದಿಂದ ನೋಡಿತ್ತು. ಈ ಸಲ ಅದು ಬೇರೆ ದಾರಿ ಹಿಡಿಯಿತು. ಕೋಡರ್‌ಗಳನ್ನು ಹೊರಗೆ ಹಾಕಿ ಎನ್ನಲಿಲ್ಲ, ಅವರಿಗೂ ಸಾರ್ಟರ್ ಸಂಬಳ ಕೊಡಿ ಎಂದಿತು. ದರ್ಜೆಯ ಮಾತನ್ನು ಚೌಕಾಶಿಗೆ ತರಲು ಕಾನೂನು ಬಿಡದ ಕಾರಣ ಹೋರಾಟ ಲಕೋಟೆಯ ಮೇಲಕ್ಕೆ ಬಂತು. ಕೋಡ್ ಇಲ್ಲದ ಕಾಗದಕ್ಕೆ ಹಳೆಯ ಗೂಡೇ ಗತಿ, ಹಳೆಯ ಸಾರ್ಟರ್‌ನ ಕೈಯೇ ಗತಿ. ಕೋಟಿಗಟ್ಟಲೆ ಹಣ ಸುರಿದು ತಂದ ಯಂತ್ರಕ್ಕೆ ಮೇವು ಹಾಕುವುದೋ ಬಿಡುವುದೋ ಕಾಗದ ಬರೆಯುವವನ ಪೆನ್ನಿಗೆ ಬಿಟ್ಟದ್ದು ಎಂಬುದನ್ನು ಸಂಘ ಸರಿಯಾಗಿಯೇ ಕಂಡುಕೊಂಡಿತ್ತು.

1974ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ನೌಕರರು ಬಹಿಷ್ಕಾರದ ಘೋಷಣೆಯಿದ್ದ ಟಿ-ಶರ್ಟ್ ತೊಟ್ಟು ಕೆಲಸಕ್ಕೆ ಬಂದರು. ಇಲಾಖೆ ಅವರನ್ನು ಅಮಾನತು ಮಾಡಿತು. ಅಂಗಿಯ ಮೇಲಿನ ಬರಹವನ್ನು ಕಂಡೂ ಕಾಣದಂತೆ ಇದ್ದಿದ್ದರೆ ಸುದ್ದಿ ಮಾಂಟ್ರಿಯಲ್ ದಾಟುತ್ತಿತ್ತೋ ಇಲ್ಲವೋ. ಅಮಾನತಿನಿಂದ ಕಿಡಿ ಹೊತ್ತಿ, ಕಾನೂನುಬಾಹಿರ ಮುಷ್ಕರ ದೇಶದ ಉದ್ದಗಲಕ್ಕೂ ಹಬ್ಬಿತು. ಸಂಧಾನದ ಫಲವಾಗಿ ಅದೇ ವರ್ಷ ಕೋಡರ್‌ಗಳ ಸಂಬಳ ಸಾರ್ಟರ್‌ಗಳ ಮಟ್ಟಕ್ಕೆ ಏರಿತು.

ಸಂಬಳ ಏರಿದರೂ ಬಹಿಷ್ಕಾರ ನಿಲ್ಲಲಿಲ್ಲ, ಏಕೆಂದರೆ ಮುಂದೆ ಬರುವ ಯಂತ್ರಗಳ ಬಗ್ಗೆ ಒಪ್ಪಂದ ಇನ್ನೂ ಆಗಿರಲಿಲ್ಲ. 1975ರ ಮಾರ್ಚ್ 20ನ್ನು ಸಂಘ ರಾಷ್ಟ್ರೀಯ ಕೋಡ್ ಬಹಿಷ್ಕಾರ ದಿನವೆಂದು ಸಾರಿತು. ಯಂತ್ರದಿಂದ ಉಳಿದ ಸಮಯದಲ್ಲಿ ಪಾಲು ಕೇಳುವಂತೆ, ವಾರದ ಕೆಲಸವನ್ನು 40 ಗಂಟೆಯಿಂದ 30ಕ್ಕೆ ಇಳಿಸಿ ಎಂದಿತು. ಇತ್ತ ಕೋಡ್ ಬಳಸಿ ಎಂದು ಇಲಾಖೆ ಜಾಹೀರಾತು ಹಾಕುತ್ತಲೇ ಇತ್ತು. ಅದೇ ವರ್ಷದ ಒಂದು ಜಾಹೀರಾತಿನಲ್ಲಿ ಈಜುಡುಗೆ ತೊಟ್ಟ ಹೆಣ್ಣೊಬ್ಬಳ ಹಿಂಭಾಗದ ಮೇಲೆ ಗಂಡಸೊಬ್ಬ ಕೋಡ್ ಬರೆಯುತ್ತಿದ್ದ. ಜೊತೆಗೊಂದು ಚೇಷ್ಟೆಯ ಪದ್ಯ. ನ್ಯೂ ಡೆಮಾಕ್ರಟಿಕ್ ಪಕ್ಷದ ಜಾನ್ ರೊಡ್ರಿಗಸ್ ಅದನ್ನು ಸಂಸತ್ತಿನಲ್ಲಿ ಖಂಡಿಸಿದರು. ಅಂಚೆ ಸಚಿವ ಬ್ರೈಸ್ ಮೆಕೇಸಿ ಕ್ಷಮೆ ಕೇಳಬೇಕಾಯಿತು. ಕೀಲಿಮಣೆ ಮುಂದಿನ ಹೆಂಗಸರಿಗೆ ಗಂಟೆಗೆ 75 ಸೆಂಟ್ ಕಡಿಮೆ ಕೊಟ್ಟಿದ್ದ ಇಲಾಖೆಗೆ ಕೋಡಿನ ಪ್ರಚಾರಕ್ಕೆ ಹೊಳೆದದ್ದು ಇಂಥ ಚಿತ್ರ!

ಜೋ ಡೇವಿಡ್‌ಸನ್ ಸಂಘದ ಅಧ್ಯಕ್ಷರಾಗಿದ್ದಾಗ 1975ರ ಅಕ್ಟೋಬರ್ 21ರಿಂದ 42 ದಿನಗಳ ಮುಷ್ಕರ ನಡೆಯಿತು. ಹೊಸ ಯಂತ್ರ ತರುವ ಮುನ್ನ ಸಂಘಕ್ಕೆ ತಿಳಿಸಬೇಕು, ಅದರಿಂದ ನೌಕರರಿಗೆ ಆಗುವ ತೊಂದರೆಗಳ ಬಗ್ಗೆ ಮಾತುಕತೆ ನಡೆಸಬೇಕು ಎಂಬ ಷರತ್ತುಗಳು ಆ ಬಳಿಕದ ಒಪ್ಪಂದಕ್ಕೆ ಸೇರಿದವು. 1976ರ ಫೆಬ್ರವರಿಯಲ್ಲಿ ಬಹಿಷ್ಕಾರ ಮುಗಿಯಿತು. ಜನ ಕೋಡ್ ಬರೆಯುವುದನ್ನು ರೂಢಿ ಮಾಡಿಕೊಂಡರು. ಇಡೀ ನಗರದ ಬೀದಿಗಳನ್ನು ತಲೆಯಲ್ಲಿಟ್ಟುಕೊಂಡಿದ್ದ ಸಾರ್ಟರ್‌ನ ವಿದ್ಯೆಗೆ ಒಪ್ಪಂದದ ಯಾವ ಕಲಮೂ ರಕ್ಷಣೆಯಾಗಲಿಲ್ಲ. ವಿಳಾಸ ಓದಬಲ್ಲ ಯಂತ್ರಗಳು ಬಲಿತಂತೆ ಕೋಡರ್‌ನ ಕುರ್ಚಿಯೂ ಬೇಡವಾಯಿತು.

ಮುಷ್ಕರ ಹೊತ್ತಿಕೊಂಡ ಅದೇ 1974ರಲ್ಲಿ, ಅದೇ ಮಾಂಟ್ರಿಯಲ್‌ನಲ್ಲಿ, ಸಾಂಟಾ ಕ್ಲಾಸ್‌ಗೆಂದು ಮಕ್ಕಳು ಬರೆದ ಕಾಗದಗಳು ತಲುಪಿಸಲಾಗದವುಗಳ ರಾಶಿಗೆ ಬೀಳುವುದನ್ನು ನೋಡಲಾರದೆ ಕೆಲವು ಅಂಚೆ ನೌಕರರು ತಾವೇ ಉತ್ತರ ಬರೆಯತೊಡಗಿದ್ದರು. ಅದು ಬೆಳೆದು, 1983ರಲ್ಲಿ ಅಂಚೆ ನಿಗಮದ ಅಧಿಕೃತ ಕಾರ್ಯಕ್ರಮವಾಯಿತು. ಸಾಂಟಾನಿಗೂ ಒಂದು ಕೋಡ್ ಸಿಕ್ಕಿತು: ಎಚ್0ಎಚ್ 0ಎಚ್0. ಸೊನ್ನೆಯನ್ನು 'ಓ' ಎಂದು ಓದಿದರೆ ಅವನ ನಗುವೇ ಕೇಳುತ್ತದೆ. ಮೊದಲ ಅಕ್ಷರ ಮಾಂಟ್ರಿಯಲ್‌ನದು.