ನಿಂತ ವಿಮಾನಕ್ಕೆ ವಿದ್ಯುತ್ತು

ನಿಲ್ದಾಣದಲ್ಲಿ ನಿಂತ ವಿಮಾನದ ಮೂತಿಯ ಬಳಿ ದಪ್ಪ ಕೇಬಲ್ ಸಿಕ್ಕಿಸಿರುವುದನ್ನು ನೀವು ನೋಡಿರಬಹುದು. ಎಂಜಿನ್ ನಿಂತಾಗ ದೀಪ, ಉಪಕರಣಗಳಿಗೆ ವಿದ್ಯುತ್ತು ಒದಗಿಸಲು ಭೂಸೇವಾ ಕಂಪನಿಗಳು ಮಾಡುವ ಏರ್ಪಾಡು ಇದು. ನಮ್ಮ ಮನೆಯ 50 ಹರ್ಟ್ಸ್ ವಿದ್ಯುತ್ತು ಇಲ್ಲಿ ಒಗ್ಗದು. ಹೆಚ್ಚಿನ ಪ್ರಯಾಣಿಕ ವಿಮಾನಗಳಿಗೆ 115 ವೋಲ್ಟ್, 400 ಹರ್ಟ್ಸ್ ಬೇಕು. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಬದಲಿಸೀತು, ಆವೃತ್ತಿಯನ್ನಲ್ಲ. ಎಸಿಯನ್ನು ಡಿಸಿ ಮಾಡಿ, ಮತ್ತೆ 400 ಹರ್ಟ್ಸ್ ಎಸಿಯಾಗಿಸುವ ಪರಿವರ್ತಕ ಬೇಕಾಗುತ್ತದೆ.

ಇಷ್ಟು ಹೆಚ್ಚಿನ ಆವೃತ್ತಿ ಏಕೆ? ಫ್ಯಾರಡೆ ನಿಯಮದಂತೆ ಪ್ರೇರಿತ ವೋಲ್ಟೇಜು ಕಾಂತೀಯ ಫ್ಲಕ್ಸ್ ಬದಲಾಗುವ ದರವನ್ನು ಅವಲಂಬಿಸಿದೆ. ಸುತ್ತುಗಳೂ ವೋಲ್ಟೇಜೂ ಅಷ್ಟೇ ಇದ್ದು ಆವೃತ್ತಿ ಎಂಟು ಪಟ್ಟಾದರೆ, ಎಂಟನೇ ಒಂದರಷ್ಟು ಫ್ಲಕ್ಸ್ ಸಾಕು. ಕಬ್ಬಿಣದ ತಿರುಳು ಹಗುರಾಗುತ್ತದೆ. (ಕಬ್ಬಿಣದಲ್ಲಿ ಶಾಖನಷ್ಟ ಏರುವುದರಿಂದ ಲಾಭ ಪೂರ್ತಿ ಎಂಟು ಪಟ್ಟು ದಕ್ಕದು.)

ಕೇಬಲ್ ಸಿಗದಿದ್ದರೆ ವಿಮಾನದ ಬಾಲದಲ್ಲಿರುವ ಪುಟ್ಟ ಟರ್ಬೈನ್ ಇಂಧನ ಸುಡುತ್ತ ಓಡಬೇಕು. ಅದರ ಹೊಗೆ, ಗದ್ದಲವೆಲ್ಲ ಕೆಳಗೆ ಸಾಮಾನು ಹೇರುವವರ ಪಾಲಿಗೆ.