ಉಪ್ಪುನೀರಿನ ಸೂಕ್ಷ್ಮಜೀವಿಗಳೂ ಅವುಗಳ ವಂಶಭೇದಗಳೂ

ಉಪ್ಪಿದ್ದೆಡೆಯಲ್ಲಿ ಕೊಳೆಯಿಸುವ ಜೀವಿ ಬದುಕಲಾರದೆಂಬುದು ಸಾಮಾನ್ಯ ನಂಬುಗೆ. ಮೀನನ್ನೂ ಹಸಿಚರ್ಮವನ್ನೂ ಉಪ್ಪುಹಚ್ಚಿ ಕಾಪಾಡುವುದು ಇದರ ಮೇಲೆಯೇ. ಆದರೂ ಉಪ್ಪುಹಚ್ಚಿದ ಚರ್ಮದ ಮೇಲೆ ಒಮ್ಮೊಮ್ಮೆ ಕೆಂಪು ಕಲೆಗಳೆದ್ದು ಸರಕಿನ ಬೆಲೆ ಇಳಿಯುವುದುಂಟು. ಉಪ್ಪಿನೊಡನೆಯೇ ಬಂದ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣವು. ಉಪ್ಪಿನಾಗರಗಳ ನೀರು ಬತ್ತಿ ಗಟ್ಟಿಯಾದಾಗ ಕೆಂಪೇರುವುದೂ ಬಹುಮಟ್ಟಿಗೆ ಇವುಗಳಿಂದಲೇ.

ಸಾಧಾರಣ ಜೀವಕೋಶವು ಗಟ್ಟಿಯಾದ ಉಪ್ಪುನೀರಿನಲ್ಲಿ ತನ್ನೊಳಗಿನ ನೀರನ್ನು ಕಳೆದುಕೊಂಡು ಸಾಯುವುದು. ಈ ಜೀವಿಗಳಾದರೋ ಪೊಟ್ಯಾಸಿಯಂ ಲವಣವನ್ನು ಒಳಗೆ ತುಂಬಿಕೊಂಡು ಹೊರಗಿನ ಉಪ್ಪಿಗೆ ಸರಿದೂಗುವುವು. ಇವುಗಳಲ್ಲಿ ಹಲವನ್ನು ಸಿಹಿನೀರಿಗೆ ಹಾಕಿದರೆ ಒಡೆದುಹೋಗುವುವು.

ಜೋರ್ಡಾನ್ ನದಿಯು ಸೇರುವ ಮೃತಸಮುದ್ರದ ನೀರು ಕಡಲಿನ ನೀರಿಗಿಂತ ಸುಮಾರು 10 ಪಾಲು ಉಪ್ಪಾದುದು. ಅದರಲ್ಲಿಯೂ ಜೀವಿಗಳಿರುವುವೆಂದು ಬೆಂಜಮಿನ್ ಎಲಜಾರಿ-ವೊಲ್ಕಾನಿ ಎಂಬವರು 1936ರಲ್ಲಿ ಪ್ರಕಟಿಸಿದರು. ಅಲ್ಲಿಯ ಒಂದು ಜೀವಿಗೆ 1975ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಅತಿವೃಷ್ಟಿಯಾಗಿ ಮೇಲಣ ನೀರು ತೆಳುವಾದಾಗ, 1980ರಲ್ಲಿಯೂ 1992ರಲ್ಲಿಯೂ, ಆ ಸಮುದ್ರವು ಕೆಂಪಾಯಿತು.

ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಿಗಳನ್ನೇ ನೋಡಿದರೆ ನೀರಿನೊಳಗಿನ ಸಮುದಾಯದ ಪೂರ್ಣಸ್ವರೂಪ ತಿಳಿಯದು; ಎಷ್ಟೋ ಜೀವಿಗಳು ಅಲ್ಲಿ ಸುಲಭವಾಗಿ ಬೆಳೆಯವು. ಸಿನಾಯ್ ಪ್ರದೇಶದ ಉಪ್ಪುನೀರಿನಲ್ಲಿ ವಾಲ್ಸ್‌ಬಿ ಎಂಬವರು 1980ರಲ್ಲಿ ವರ್ಣಿಸಿದ ಚೌಕಾಕಾರದ ಜೀವಿಯು ಪ್ರಯೋಗಶಾಲೆಯಲ್ಲಿ ಬೆಳೆದುದು 2004ರಲ್ಲಿ. ಆದುದರಿಂದ ವಿಜ್ಞಾನಿಗಳು ನೀರಿನಲ್ಲಿರುವ ವಂಶಧಾತುವನ್ನೇ ತೆಗೆದು ಪರೀಕ್ಷಿಸುವರು. ಹೀಗೆ ಮೃತಸಮುದ್ರದ ನೀರನ್ನು ಪರೀಕ್ಷಿಸಲಾಗಿ ಗಮನಾರ್ಹವಾದ ಸಂಗತಿಯೊಂದು ತಿಳಿದುಬಂದಿತು: ಜೀವಿಗಳು ಹೇರಳವಾಗಿದ್ದ ಕೆಂಪು ನೀರಿನಲ್ಲಿ ಬಗೆಗಳು ಕಡಿಮೆ, ಜೀವಿಗಳು ವಿರಳವಾಗಿದ್ದ ಮಾಮೂಲು ನೀರಿನಲ್ಲಿ ಬಗೆಗಳು ಹೆಚ್ಚು. ಸಮೃದ್ಧಿಯೆಂದರೆ ವೈವಿಧ್ಯವೆಂದು ತಿಳಿಯಲಾಗದು.

ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಇದರಿಂದ ಗ್ರಾಹ್ಯವಾದ ಅಂಶಗಳೆರಡು. ಮೊದಲನೆಯದು: ಚರ್ಮಕ್ಕೆ ಒಮ್ಮೆ ಬಳಸಿದ ಉಪ್ಪನ್ನು ಮತ್ತೆ ಬಳಸಬಾರದು, ಚರ್ಮವನ್ನು ತಂಪಾದ ಸ್ಥಳದಲ್ಲಿಡಬೇಕು, ಏಕೆಂದರೆ ಈ ಜೀವಿಗಳು ಸೆಕೆಯಲ್ಲಿ ಬೇಗ ವೃದ್ಧಿಸುವುವು. ಎರಡನೆಯದು ಬೀಜಕ್ಕೆ ಸಂಬಂಧಿಸಿದುದು. ಕುಮಟಾ ತಾಲ್ಲೂಕಿನ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವುಂಟು. ಭತ್ತಕ್ಕೂ ಈ ಜೀವಿಗಳಿಗೂ ನಂಟಿಲ್ಲ. ಅನುಸರಿಸಬೇಕಾದ ನ್ಯಾಯವು ಮಾತ್ರ ಒಂದೇ. ಒಳ್ಳೆಯ ವರ್ಷದಲ್ಲಿ ಹೆಚ್ಚು ಕಾಳು ಕೊಡುವ ತಳಿಯು ಕಟ್ಟೆಯೊಡೆದು ಉಪ್ಪುನೀರು ನುಗ್ಗಿದ ವರ್ಷದಲ್ಲಿ ಕೈಕೊಡಬಹುದು. ಒಮ್ಮೆ ಅಳಿದ ತಳಿಯನ್ನು ಮರಳಿ ಪಡೆಯುವ ಉಪಾಯವಿಲ್ಲ. ಆದುದರಿಂದ ಇಂತಹ ಹಳೆಯ ತಳಿಗಳನ್ನು ಪ್ರತಿವರ್ಷವೂ ಸ್ವಲ್ಪ ನೆಲದಲ್ಲಾದರೂ ಬೆಳೆದು ಬೀಜವನ್ನು ಉಳಿಸಿಕೊಳ್ಳುವುದು ಶ್ರೇಯಸ್ಕರವು.