ಒರೆಗೆ ಹಚ್ಚಿದ ನಂಬಿಕೆ

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿ, ಗೋಕಾಕದಲ್ಲಿ ಓದಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನು ಕುರಿತು ಸಂಶೋಧನೆ ನಡೆಸಿದವರು. ಜಾನಪದವು ಗತಕಾಲದ ಪಳೆಯುಳಿಕೆಯಲ್ಲ, ಇಂದಿಗೂ ಜೀವಂತವಾದ ಅರಿವು ಎಂಬುದು ವಿಮರ್ಶಕ ಕಂಬಾರರ ನಿಲುವು. ಅವರ ಕಾದಂಬರಿಗಳು ಆ ನಿಲುವಿಗೆ ಕೇವಲ ನಿದರ್ಶನಗಳೇ? ಖಂಡಿತ ಅಲ್ಲ.

‘ಕರಿಮಾಯಿ’ಯಲ್ಲಿ (1975) ದೇವಿಯ ನಂಬಿಕೆಯಿಂದ ಒಂದಾಗಿದ್ದ ಶಿವಾಪುರ ಪಟ್ಟಣದ ಗಾಳಿಗೆ ಬಿರುಕು ಬಿಡುತ್ತದೆ. ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ (1982) ಹಳೆಯ ವ್ಯವಸ್ಥೆಯೇ ಹೆಣ್ಣೊಬ್ಬಳ ಬದುಕನ್ನು ಬಲಿಗೊಡುತ್ತದೆ. ‘ಶಿಖರಸೂರ್ಯ’ದಲ್ಲಿ (2007) ಶಿವಾಪುರದಲ್ಲಿ ಕಲಿತ ವೈದ್ಯವಿದ್ಯೆ ಅಧಿಕಾರದಾಹಕ್ಕೆ ಮೆಟ್ಟಿಲಾಗುತ್ತದೆ. ವಿಮರ್ಶೆ ಎತ್ತಿಹಿಡಿದ ಜಗತ್ತಿನ ಕಹಿಯನ್ನೂ ಕಥನ ಮುಚ್ಚಿಡಲಿಲ್ಲ.

ತಮ್ಮ ನಂಬಿಕೆಯನ್ನು ತಾವೇ ಒರೆಗೆ ಹಚ್ಚಿದ ಈ ಪ್ರಾಮಾಣಿಕತೆಯನ್ನು, ‘ದೇಸಿ’ಯ ಹೆಸರಿನಲ್ಲಿ ಪ್ರಶ್ನೆಗಳನ್ನೇ ದೂರವಿಡುವ ಉತ್ಸಾಹಿಗಳು ಗಮನಿಸಬೇಕು.